ಕನ್ನಡಕದಮ್ಮನ ಸಿದ್ಧಾಂತ

ಆಕಾಶದ ಕಪ್ಪುಕುಳಿಗೆ ತಳ ಇದೆಯೇ ಇಲ್ಲವೇ ಎಂಬ ಪ್ರಶ್ನೆ ಮೂರು ವಾರಗಳಿಂದ ಇತ್ಯರ್ಥವಾಗದೆ ಉಳಿದಿದ್ದರಿಂದ, ಕನ್ನಡಕದ ಅಂಗಡಿಯ ಹಿಂದಿನ ಮನೆಯಲ್ಲಿ ಅಡುಗೆಮನೆಯ ನಲ್ಲಿ ಸೋರುತ್ತಲೇ ಇತ್ತು. ಇದನ್ನು ಸಣ್ಣ ವಿಷಯ ಎನ್ನುವಂತಿಲ್ಲ. ನಲ್ಲಿಗೆ ವಾಷರ್ ಹಾಕಬೇಕಾದವನು ತಳ ಇದೆ ಎನ್ನುವ ಪಕ್ಷದವನು. ಹಾಕಿಸಿಕೊಳ್ಳಬೇಕಾದವರು ತಳವಿಲ್ಲ ಎನ್ನುವ ಪಕ್ಷದವರು. ತಳವನ್ನು ಒಪ್ಪದವರ ಮನೆಯ ನಲ್ಲಿ ಮುಟ್ಟುವುದಿಲ್ಲ ಎಂದು ಮೊದಲನೆಯವನೂ, ಒಂದು ವಾಷರಿಗಾಗಿ ವಿಶ್ವದ ರಚನೆಯನ್ನು ಬದಲಿಸಲಾಗದು ಎಂದು ಎರಡನೆಯವರೂ ಘೋಷಿಸಿ ಆಗಿತ್ತು. ನಡುವೆ ನಲ್ಲಿಯ ಕೆಳಗೆ ಪಾತ್ರೆ ಇಡುವವಳು, ತುಂಬಿದಾಗ ಒಯ್ದು ಗಿಡಕ್ಕೆ ಸುರಿಯುವವಳು ಒಬ್ಬಳೇ. ಅವಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಮೊದಲನೆಯವನು ಅವಳ ತಮ್ಮ. ಬೀದಿಯ ಅರ್ಧಕ್ಕರ್ಧ ಮನೆಗಳ ಟ್ಯಾಂಕು, ಚರಂಡಿಗಳ ಒಳಗುಟ್ಟು ಬಲ್ಲ ಪ್ಲಂಬರ್; ಎಲ್ಲರ ಬಾಯಲ್ಲೂ ಪೈಪಣ್ಣ. ಎರಡನೆಯವರು ಅವಳ ಗಂಡ, ಕನ್ನಡಕದ ಅಂಗಡಿಯ ಯಜಮಾನರು. ಹಾಗಾಗಿ ಅವಳು ಬೀದಿಗೆಲ್ಲ ಕನ್ನಡಕದಮ್ಮ. ಯಜಮಾನರು ಒಳಕೋಣೆಯಲ್ಲಿ ಚಕ್ರ ತಿರುಗಿಸಿ ಗಾಜನ್ನು ಫ್ರೇಮಿನ ಅಳತೆಗೆ ಅರೆಯುತ್ತಿದ್ದರು. ಅವಳು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ಗಡಿಯಾರ ರಿಪೇರಿಯವರ ಹಾಗೆ ಎಡಗಣ್ಣಿಗೆ ಪುಟ್ಟ ಮಸೂರವೊಂದನ್ನು ಸಿಕ್ಕಿಸಿಕೊಂಡು, ಇರುವೆಯ ತಲೆಯಷ್ಟು ಸ್ಕ್ರೂಗಳನ್ನು ತಿರುಗಿಸಿ ಕನ್ನಡಕಕ್ಕೆ ಕಡ್ಡಿ ಕೂರಿಸುತ್ತಿದ್ದಳು. ಮೂವತ್ತಾರು ವರ್ಷಗಳಿಂದ ಇದೇ ಕೆಲಸ. ಅವಳು ಕೂರಿಸಿದ ಕಡ್ಡಿ ಸಡಿಲವಾಗಿದೆ ಎಂದು ಹಿಂತಿರುಗಿ ಬಂದ ಗಿರಾಕಿ ಒಬ್ಬನೇ; ಅವನೂ ಅದರ ಮೇಲೆ ಕೂತಿದ್ದನಂತೆ.

ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿಗೆ ಯಾರೂ ಬರುವುದಿಲ್ಲ. ಹನ್ನೊಂದು ವರ್ಷದಿಂದ ಆ ಹೊತ್ತು ಭಾವ–ಮೈದುನರ ಖಗೋಳ ವಿಜ್ಞಾನಕ್ಕೆ ಮೀಸಲು. ಇಬ್ಬರೂ ರಾತ್ರಿ ಒಂಬತ್ತಕ್ಕೆ ಮಲಗುವವರಾದ್ದರಿಂದ ನಕ್ಷತ್ರಗಳ ಬಗ್ಗೆ ಅವರ ತಿಳಿವಳಿಕೆಯೆಲ್ಲ ಹಗಲಿನದು. ದೂರದರ್ಶಕ ಅವರ ಬಳಿ ಇರಲಿಲ್ಲ. ಇದ್ದರೂ, ಅಂಗಡಿಯೆದುರಿನ ಬೀದಿದೀಪದ ದೆಸೆಯಿಂದ ಮಹಡಿಯ ಮೇಲಿಂದ ಕಾಣುತ್ತಿದ್ದದ್ದು ಒಟ್ಟು ಏಳು ನಕ್ಷತ್ರ. ಅದರಲ್ಲೊಂದು ಮೊಬೈಲ್ ಗೋಪುರದ ದೀಪ ಎಂದು ಯಜಮಾನರಿಗೆ ಗುಮಾನಿ.

"ನೋಡಯ್ಯಾ, ಪವರ್ ಹೆಚ್ಚಾದ ಹಾಗೆಲ್ಲ ಗಾಜು ಬೆಳಕನ್ನ ಜಾಸ್ತಿ ಬಗ್ಗಿಸುತ್ತೆ. ಹೆಚ್ಚಿಸ್ತಾ ಹೋಗು, ಹೋಗು... ಕೊನೆಗೊಂದು ದಿನ ಬೆಳಕು ಬಗ್ಗಿ ಬಗ್ಗಿ ತನ್ನ ಬಾಲ ತಾನೇ ಹಿಡ್ಕೊಳ್ಳುತ್ತೆ. ಹೊರಗೆ ಬರಲ್ಲ. ಅದೇ ಕೃಷ್ಣರಂಧ್ರ. ಅದಕ್ಕೆ ತಳ ಯಾಕೆ ಬೇಕು?" ಯಜಮಾನರಿಗೆ ಕಪ್ಪುಕುಳಿ ಎನ್ನುವುದು ಮರ್ಯಾದೆ ಕಡಿಮೆ ಎನಿಸುತ್ತಿತ್ತು.

"ಭಾವ, ನೀವು ಗಾಜಿನ ಮುಂದೆ ಕೂತು ಕೂತು ಗಾಜೇ ಆಗಿಬಿಟ್ಟಿದ್ದೀರಿ," ಎನ್ನುತ್ತಿದ್ದ ಪೈಪಣ್ಣ. "ಸುತ್ತಮುತ್ತಲ ನೀರೆಲ್ಲ ಒಂದೇ ಕಡೆ ಸುತ್ತಿಕೊಂಡು ಇಳೀತಿದೆ ಅಂದ್ರೆ ಕೆಳಗೆ ಪೈಪ್ ಇದೆ ಅಂತಲೇ ಅರ್ಥ. ಪೈಪ್ ಇದ್ರೆ ಆ ಕಡೆ ತುದಿ ಇದೆ. ಎಲ್ಲಿಗೆ ಹೋಗುತ್ತೆ ಕೇಳಬೇಡಿ. ಈ ಬೀದಿ ಚರಂಡಿ ಎಲ್ಲಿಗೆ ಹೋಗುತ್ತೆ ಅಂತಲೇ ನಮ್ಮ ಇಂಜಿನಿಯರಿಗೆ ಗೊತ್ತಿಲ್ಲ."

ಈ ಸಲ ವಾದಕ್ಕೆ ಬಿಸಿ ಏರಿದ್ದಕ್ಕೆ ಕಾರಣವಿತ್ತು. ವಾಚನಾಲಯದಲ್ಲಿ ತಿಂಗಳ ಕೊನೆಯ ಭಾನುವಾರ ಹವ್ಯಾಸಿಗಳಿಗೆ ಹತ್ತು ಹತ್ತು ನಿಮಿಷ ಮಾತಾಡಲು ಕೊಡುತ್ತಿದ್ದರು. ಹೋದ ಸಲ ಅಂಚೆಯವನೊಬ್ಬ ಬಸವನಹುಳುಗಳ ಬಗ್ಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದ. ಈ ಸಲ ಪಟ್ಟಿಯಲ್ಲಿ ಭಾವ–ಮೈದುನರ ಹೆಸರಿತ್ತು. ಸಿದ್ಧಾಂತ ಮಾತ್ರ ಇರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ಕನ್ನಡಕದಮ್ಮ ಎಡಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದರೆ ಸ್ಕ್ರೂ ಇರಲಿಲ್ಲ. ಚಿಮಟದ ಎರಡು ತುದಿಗಳಿದ್ದವು, ನಡುವೆ ಬೂದಿ ಬಣ್ಣದ ಒಂದು ಮಸುಕು. ಮಸೂರ ಒರೆಸಿದಳು. ಕಣ್ಣು ಒರೆಸಿದಳು. ಮಸೂರವನ್ನು ಬಲಗಣ್ಣಿಗೆ ಬದಲಾಯಿಸಿದಳು. ಸ್ಕ್ರೂ ಚಿಮಟದ ತುದಿಯಲ್ಲಿ ಏನೂ ಆಗದವರ ಹಾಗೆ ಕೂತಿತ್ತು. ಬಲಗಣ್ಣು ಮುಚ್ಚಿ ಕಿಟಕಿಯ ಸರಳುಗಳನ್ನು ನೋಡಿದಳು. ಅಂಚಿನ ಸರಳುಗಳು ನೆಟ್ಟಗಿದ್ದವು. ನಡುವಿನ ಮೂರು ಮಾತ್ರ ಯಾರೋ ಸೊಂಟ ಹಿಡಿದು ಎಳೆದ ಹಾಗೆ ಆ ಮಸುಕಿನ ಕಡೆ ಬಾಗಿದ್ದವು.

ಕನ್ನಡಕದ ಅಂಗಡಿಯಲ್ಲಿ ಮೂವತ್ತಾರು ವರ್ಷ ಕಳೆದವಳಿಗೆ ಇದು ಕಣ್ಣಿನೊಳಗಿನ ತೊಂದರೆ ಎಂದು ಬೇರೆ ಯಾರೂ ಹೇಳಬೇಕಿರಲಿಲ್ಲ. ಆದರೂ ಮೊದಲ ದಿನ ಆಯಾಸ ಎಂದೇ ನಂಬಲು ನೋಡಿದಳು. ಎರಡನೆಯ ದಿನ ಹೆದರಿಕೆಯಾಯಿತು. ಹೇಳಿದರೆ ಮೇಜು ಹೋಗುತ್ತದೆ, ಮಸೂರ ಹೋಗುತ್ತದೆ. ಆಮೇಲೆ ತಾನು ಟೀ ಕೊಡುವುದಕ್ಕೆ ಮಾತ್ರ ಆ ಅಂಗಡಿಯಲ್ಲಿರಬೇಕಾಗುತ್ತದೆ. ನಾಳೆ ಹೇಳೋಣ ಎಂದುಕೊಂಡಳು. ಮೂರನೆಯ ದಿನ ಆದದ್ದೇ ಬೇರೆ.

ಅವತ್ತು ಅವಳು ಟೀ ತರುವ ಹೊತ್ತಿಗೆ ಪೈಪಣ್ಣ ಕೇಳುತ್ತಿದ್ದ: "ಆಯ್ತು ಭಾವ, ಎದುರಿಗೇ ಹೋಗಿ ನಿಂತು ನೋಡಿದ್ರೆ ಅದು ಕಾಣೋದು ಹೇಗೆ?"

"ಕಾಣೋದೇನು? ನಡುವೆ ಕಪ್ಪು. ಸುತ್ತ ನಕ್ಷತ್ರ, ಇದ್ದದ್ದು ಇದ್ದ ಹಾಗೆ."

"ಇದ್ದ ಹಾಗೆ ಇರಲ್ಲ ರೀ," ಎಂದುಬಿಟ್ಟಳು ಕನ್ನಡಕದಮ್ಮ. ಟೀ ಲೋಟ ಇನ್ನೂ ಕೈಯಲ್ಲೇ ಇತ್ತು. "ಸುತ್ತ ನೆಟ್ಟಗಿರೋದೆಲ್ಲ ಸೊಟ್ಟ ಆಗುತ್ತೆ. ದೂರದಲ್ಲಿರೋದು ಸರಿಯಾಗೇ ಇರುತ್ತೆ, ಹತ್ತಿರ ಬರ್ತಾ ಬರ್ತಾ ಅದರ ಕಡೆಗೆ ವಾಲುತ್ತೆ. ನಡುವೆ ಇರೋದು ಕಪ್ಪೂ ಅಲ್ಲ. ಏನೂ ಇಲ್ಲದ ಬಣ್ಣ."

ಯಜಮಾನರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಹೆಂಡತಿಯನ್ನು ಹೊಸ ಗಿರಾಕಿಯನ್ನು ನೋಡುವಂತೆ ನೋಡಿದರು.

"ಏನೂ ಇಲ್ಲದ ಬಣ್ಣ," ಎಂದರು ಮೆಲ್ಲಗೆ. "ಇವಳೇ, ಇನ್ನೊಂದ್ಸಲ ಹೇಳು."

ಅವರು ನೋಟ್‌ಬುಕ್ ತೆರೆದರು. ತಾರೀಕು ಹಾಕಿದರು. ಹೇಳಿದ್ದನ್ನೆಲ್ಲ ಬರೆದುಕೊಂಡರು. ಪೈಪಣ್ಣ, ಅಕ್ಕ ಮೂರನೆಯದನ್ನು ಹೇಳಿ ಎರಡೂ ಪಕ್ಷ ಸೋತಂತಾಯಿತಲ್ಲ ಎಂದು ನಕ್ಕು, ಎದ್ದು ಹೋಗಿ ಹತ್ತು ನಿಮಿಷದಲ್ಲಿ ನಲ್ಲಿಗೆ ವಾಷರ್ ಹಾಕಿ ಬಂದ.

ಮರುದಿನದಿಂದ ಅವಳಿಗೂ ಒಂದು ಕುರ್ಚಿ. ಹನ್ನೊಂದು ವರ್ಷ ಆ ಚರ್ಚೆಗೆ ಟೀ ಒದಗಿಸಿದವಳು ಈಗ ಕೂತು ಕುಡಿಯುವವಳಾದಳು. ಯಜಮಾನರು ಒಂದೊಂದಾಗಿ ಪ್ರಶ್ನೆ ಹಾಕುವರು: ಅಂಚು ಚೂಪಾಗಿದೆಯೋ ಮಸುಕೋ? ಬಾಗಿದ ಗೆರೆ ಮತ್ತೆ ಎಲ್ಲಿ ನೆಟ್ಟಗಾಗುತ್ತದೆ? "ತಾಳಿ, ಯೋಚನೆ ಮಾಡಿ ಹೇಳ್ತೀನಿ," ಎಂದು ಅವಳು ಅಡುಗೆಮನೆಗೆ ಹೋಗುವಳು. ಅಲ್ಲಿ ಬಲಗಣ್ಣು ಮುಚ್ಚಿ ಒಲೆಯ ಹಿಂದಿನ ಗೋಡೆಯ ಬಿಳಿ ಟೈಲ್ಸಿನ ಚೌಕಗಳನ್ನು ನೋಡಿ, ಬಂದು ವರದಿ ಒಪ್ಪಿಸುವಳು. ಅಕ್ಕನ ತಲೆ ಓಡುವುದು ಅಡುಗೆಮನೆಯಲ್ಲಿ ಮಾತ್ರ ಎಂದು ಪೈಪಣ್ಣ ತೀರ್ಮಾನಿಸಿದ.

"ಅದು ಒಂದು ಕಡೆ ನಿಂತಿರಲ್ಲ," ಎಂದಳು ಒಂದು ದಿನ. "ನಾವು ಎಲ್ಲಿ ನೋಡ್ತೀವೋ ಅಲ್ಲಿಗೇ ಬರುತ್ತೆ."

"ನೋಡುವವನ ಜೊತೆಗೇ ಚಲಿಸುತ್ತೆ!" ಯಜಮಾನರು ಎರಡೆರಡು ಗೆರೆ ಎಳೆದರು.

"ಇದ್ಯಾಕೋ ನಂಗೆ ಸರಿ ಬರ್ತಿಲ್ಲ," ಎಂದು ಪೈಪಣ್ಣ ಮೂಗು ಮುರಿದ. "ಪೈಪ್ ಗೋಡೆಯಲ್ಲಿರುತ್ತೆ ಅಕ್ಕಾ. ನೋಡೋರ ಹಿಂದೆ ಓಡಾಡ್ತಾ ಇರಲ್ಲ."

"ಹೊಟ್ಟೆಕಿಚ್ಚು ನಿಂಗೆ. ಸುಮ್ಮನೆ ಕೂತ್ಕೋ," ಎಂದರು ಯಜಮಾನರು.

ಅವತ್ತು ಸಂಜೆ ಅವರು ಹೊರಗೆ ಹೋದಾಗ ಅವಳು ನೋಟ್‌ಬುಕ್ ತೆಗೆದು, ಬಲಗಣ್ಣಿಗೆ ಹತ್ತಿರ ಹಿಡಿದು ಓದಿದಳು. 'ನನ್ನ ಪತ್ನಿಯವರ ಅಭಿಪ್ರಾಯದಲ್ಲಿ' ಎಂದಿತ್ತು. ಪತ್ನಿಯವರ! ಮೂವತ್ತಾರು ವರ್ಷದಲ್ಲಿ ಅವರು ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ವಾಚನಾಲಯಕ್ಕೆ ಕಳಿಸಬೇಕಾದ ಹಾಳೆಯಲ್ಲಿ ಎರಡು ಹೆಸರುಗಳ ಕೆಳಗೆ ಮೂರನೆಯದಾಗಿ ಅವಳ ಹೆಸರು ಸೇರಿತ್ತು. ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಭಾನುವಾರ ಕಳೆಯಲಿ, ಸೋಮವಾರ ಬೆಳಿಗ್ಗೆಯೇ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋಗುವುದು ಎಂದು ನಿಶ್ಚಯಿಸಿದಳು. ಸೋಮವಾರಕ್ಕೆ ಇನ್ನೂ ಒಂದು ವಾರವಿತ್ತು.

ಆ ವಾರದ ನಡುವೆ ಅಂಗಡಿಗೆ ಒಬ್ಬ ಬಸ್ ಡ್ರೈವರ್ ಬಂದ. ಕನ್ನಡಕದ ಪವರ್ ತಪ್ಪಾಗಿದೆ, ರಸ್ತೆಯ ಬಿಳಿ ಗೆರೆ ಹಾವಿನ ಹಾಗೆ ಕಾಣುತ್ತದೆ ಎಂದ. ಯಜಮಾನರು ಅವನ ಒಂದು ಕಣ್ಣು ಮುಚ್ಚಿಸಿ, ಇನ್ನೊಂದು ಮುಚ್ಚಿಸಿ ನೋಡಿದರು. ಕನ್ನಡಕವನ್ನು ಕೈಗೆತ್ತಿಕೊಳ್ಳಲೇ ಇಲ್ಲ.

"ಇದು ಗಾಜಿನ ತಪ್ಪಲ್ಲ. ಈಗಲೇ ಡಾಕ್ಟರ ಹತ್ರ ಹೋಗಬೇಕು."

"ನಾಳೆ ನಂಗೆ ರಜ ಇದೆ ಸಾರ್, ನಾಳೆ..."

"ನಾಳೆ ಅನ್ನೋ ಮಾತೇ ಬೇಡ. ಒಳಗೆ ರಕ್ತನಾಳ ಸೋರ್ತಾ ಇರುತ್ತೆ. ಒಂದೊಂದು ದಿನಕ್ಕೂ ಒಂದಿಷ್ಟು ಹೋಗುತ್ತೆ, ಹೋದದ್ದು ವಾಪಸ್ ಬರೋದು ಕಷ್ಟ. ನಡೀರಿ, ನಾನೇ ಬರ್ತೀನಿ." ಅಂಗಿಯ ಮೇಲೆ ಗಾಜಿನ ಪುಡಿ ಹಾಗೇ ಇತ್ತು, ಅದೇ ಅಂಗಿಯಲ್ಲಿ ಅವನ ತೋಳು ಹಿಡಿದುಕೊಂಡು ಹೊರಟೇ ಹೋದರು.

ಕನ್ನಡಕದಮ್ಮ ಕಿಟಕಿಯ ಪಕ್ಕ ಚಿಮಟ ಹಿಡಿದು ಕೂತೇ ಇದ್ದಳು. ಎರಡು ಗಂಟೆ ಕಳೆದು ಬಂದವರು ಕೈ ತೊಳೆಯುತ್ತಾ, "ಪಾಪ, ಒಂದು ವಾರ ಮುಂಚೆ ಬಂದಿದ್ರೆ ಇನ್ನೂ ಚೆನ್ನಾಗಿತ್ತು," ಎಂದರು. ಹೇಳಿಬಿಡಬೇಕು ಎಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವರು ನೋಟ್‌ಬುಕ್ ತೆರೆದಿದ್ದರು.

"ಹಾಂ, ಎಲ್ಲಿದ್ದೆವು? ರಂಧ್ರದ ಅಂಚು. ಅದು ಹಾಗೇ ಇರುತ್ತಾ?"

ಅವಳು ಅವರ ಮುಖ ನೋಡಿದಳು. ಕಣ್ಣಿನ ಕಾಯಿಲೆ ಅವರ ತಲೆಯಲ್ಲಿ ಒಂದು ಡ್ರಾಯರ್, ಆಕಾಶ ಇನ್ನೊಂದು ಡ್ರಾಯರ್. ಒಂದನ್ನು ತೆರೆಯುವ ಮುಂಚೆ ಇನ್ನೊಂದನ್ನು ಮುಚ್ಚುವಷ್ಟು ಶಿಸ್ತಿನ ಮನುಷ್ಯ.

"ಇಲ್ಲ," ಎಂದಳು. "ಬೆಳೀತಿದೆ. ಮೊದಲು ಸ್ಕ್ರೂವಿನ ತಲೆಯಷ್ಟಿತ್ತು. ಈಗ ಅಂಗಿ ಗುಂಡಿಯಷ್ಟಿದೆ."

"ಬೆಳೆಯುತ್ತಿದೆ," ಎಂದು ಯಜಮಾನರು ಸಂಭ್ರಮದಿಂದ ಬರೆದುಕೊಂಡರು.

ಶುಕ್ರವಾರ ಮಧ್ಯಾಹ್ನ, ಭಾನುವಾರಕ್ಕೆ ಒಂದು ಚಿತ್ರಪಟ ಬೇಕೆಂದು ಯಜಮಾನರು ದೊಡ್ಡದೊಂದು ರಟ್ಟಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆದು ಚೌಕಗಳನ್ನು ಮಾಡಿದರು. ನಡುವೆ ಒಂದು ಚುಕ್ಕೆ ಇಟ್ಟರು. ಪೆನ್ಸಿಲನ್ನು ಹೆಂಡತಿಯ ಕೈಗೆ ಕೊಟ್ಟರು.

"ಯಾವ ಗೆರೆ ಎಷ್ಟು ಬಾಗುತ್ತೆ, ನೀನೇ ಬರೆದು ತೋರಿಸು. ಸಿದ್ಧಾಂತ ನಿಂದು."

ಅಡುಗೆಮನೆಗೆ ಹೋಗುವ ಹಾಗಿರಲಿಲ್ಲ. ಅವಳು ರಟ್ಟಿನ ಮೇಲೆ ಬಾಗಿ, ಬಲಗಣ್ಣು ಮುಚ್ಚಿ, ಚುಕ್ಕೆಯ ಮೇಲೆ ದೃಷ್ಟಿ ನೆಟ್ಟು, ಗೆರೆಗಳ ಮೇಲೆ ಪೆನ್ಸಿಲ್ ಆಡಿಸತೊಡಗಿದಳು. ಸ್ಕ್ರೂ ತಿರುಗಿಸಿ ಪಳಗಿದ ಕೈ.

"ಅಲ್ಲಾ ಅಕ್ಕಾ," ಎಂದ ಪೈಪಣ್ಣ, "ಒಂದು ಕಣ್ಣು ಮುಚ್ಕೊಂಡು ಯೋಚನೆ ಮಾಡೋ ವಿಜ್ಞಾನಿನ ನಾನು ಇವತ್ತೇ ನೋಡಿದ್ದು."

"ಎರಡೂ ತೆರೆದ್ರೆ ಸರಿಯಾಗಿ ಕಾಣಲ್ಲ ಕಣೋ."

ಪೈಪಣ್ಣ ನಕ್ಕ. ಯಜಮಾನರು ನಗಲಿಲ್ಲ. ಅವರು ರಟ್ಟನ್ನು ನೋಡುತ್ತಿದ್ದರು. ಒಳಕ್ಕೆ ಎಳೆದ ಹಾಗೆ ಬಾಗಿದ ಗೆರೆಗಳು, ನಡುವೆ ಗೆರೆಯೇ ಇಲ್ಲದ ಒಂದು ಜಾಗ. ಇಂಥ ಚಿತ್ರ ಬರೆದವರನ್ನು ಅವರು ಡಾಕ್ಟರಮ್ಮನ ಬಳಿ ಎಷ್ಟೋ ಸಲ ಕಳಿಸಿದ್ದರು. ಮೊನ್ನೆ ಮೊನ್ನೆ ಒಬ್ಬನನ್ನು ತೋಳು ಹಿಡಿದು ಕರೆದೊಯ್ದಿದ್ದರು.

ಅವರು ಎದ್ದು ಒಳಕೋಣೆಗೆ ಹೋದರು. ಅರೆಯುವ ಚಕ್ರ ಸುಮ್ಮನೆ ತಿರುಗುತ್ತಿತ್ತು, ಅದನ್ನು ನಿಲ್ಲಿಸಿದರು. ಕೈ ತೊಳೆದರು. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಬಂದು ಹೆಂಡತಿಯ ಎದುರು ಸ್ಟೂಲು ಎಳೆದು ಕೂತು, ಅಂಗೈಯಿಂದ ಅವಳ ಬಲಗಣ್ಣು ಮುಚ್ಚಿದರು. ಗಿರಾಕಿಗಳಿಗೆ ಅವರು ರಟ್ಟಿನ ತುಂಡು ಕೊಡುವುದು ರೂಢಿ.

"ನನ್ನ ಮೂಗು ನೋಡು. ಕಾಣುತ್ತಾ?"

"ಕಿವಿ ಎರಡೂ ಕಾಣುತ್ತೆ."

"ಮೂಗು?"

"ಅಲ್ಲೇ ಇರುತ್ತೆ ಅಂತ ಗೊತ್ತಲ್ಲ. ಎಲ್ಲಿಗೆ ಹೋಗುತ್ತೆ?"

ಯಜಮಾನರು ಕೈ ತೆಗೆಯಲಿಲ್ಲ. "ಎಷ್ಟು ದಿನ ಆಯ್ತು?"

"ಪುಸ್ತಕದಲ್ಲಿದೆ. ದಿನಾ ತಾರೀಕು ಹಾಕಿ ಬರ್ಕೊಂಡಿದ್ದೀರಲ್ಲ. ಮೊದಲ ಪುಟಕ್ಕೆ ಎರಡು ದಿನ ಮುಂಚೆ."

"ಯಾಕೆ ಹೇಳಲಿಲ್ಲ?"

"ದಿನಾ ಹೇಳಿದೆನಲ್ಲ."

"ಹೀಗಲ್ಲ ಕಣೇ. ಕಣ್ಣು ಅಂತ ಯಾಕೆ ಹೇಳಲಿಲ್ಲ?"

ಅವಳು ಪೆನ್ಸಿಲನ್ನು ರಟ್ಟಿನ ಮೇಲಿಟ್ಟಳು. "ಕಣ್ಣು ಅಂದಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ರಿ. ಹೀಗೆ ಹೇಳಿದ್ದಕ್ಕೆ ಕುರ್ಚಿ ಹಾಕಿ ಕೂರಿಸಿ, ಆಮೇಲೆ ಏನಾಯ್ತು ಅಂತ ಕೇಳಿದ್ರಿ."

ಪೈಪಣ್ಣ ಆಗಲೇ ಎದ್ದು ವ್ಯಾನಿನ ಕೀಲಿ ಹುಡುಕುತ್ತಿದ್ದ. ಅದು ಅವನ ಕೈಯಲ್ಲೇ ಇತ್ತು.

ವ್ಯಾನಿನಲ್ಲಿ ಮೂವರೂ ಮುಂದಿನ ಸೀಟಿನಲ್ಲೇ ಒತ್ತಿಕೊಂಡು ಕೂತರು. ಹಿಂದೆ ಪೈಪುಗಳು ತಿರುವಿಗೊಮ್ಮೆ ಉರುಳಿ ಸದ್ದು ಮಾಡುತ್ತಿದ್ದವು. ದಾರಿಯುದ್ದಕ್ಕೂ ಯಜಮಾನರು ಹೆಂಡತಿಯ ಮಣಿಕಟ್ಟು ಹಿಡಿದೇ ಇದ್ದರು, ನಾಡಿ ನೋಡುವವರ ಹಾಗೆ. "ಬಿಡ್ರೀ, ನಾನೇನು ಓಡಿ ಹೋಗಲ್ಲ," ಎಂದಳು. ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ನೋಟ್‌ಬುಕ್ ಇತ್ತು.

ಕಣ್ಣಿನ ಡಾಕ್ಟರಮ್ಮ ತೊಟ್ಟು ತೊಟ್ಟಾಗಿ ಔಷಧಿ ಬಿಟ್ಟು, ಯಂತ್ರದಲ್ಲಿ ನೋಡಿ, ಆಮೇಲೆ ನೋಟ್‌ಬುಕ್ ತೆಗೆದುಕೊಂಡು ಓದಿದರು. ಪುಟ ತಿರುಗಿಸಿದ ಹಾಗೆಲ್ಲ ಅವರ ಹುಬ್ಬು ಮೇಲೇರಿತು.

"ಇಷ್ಟು ಕರಾರುವಾಕ್ಕಾಗಿ ಯಾವ ರೋಗಿನೂ ಬರೆದು ತಂದಿಲ್ಲ ನೋಡಿ. ಯಾವತ್ತು ಶುರುವಾಯ್ತು, ಯಾವತ್ತು ಬೆಳೀತು, ಎಲ್ಲ ಇದೆ. ಆದ್ರೆ ಇಲ್ಲಿ 'ತಳವಿಲ್ಲ, ಮೈದುನ ಒಪ್ಪಿಲ್ಲ' ಅಂತಿದೆಯಲ್ಲ, ಅದೇನು?"

"ಅದು ಬೇರೆ ವಿಷಯ ಮೇಡಂ," ಎಂದ ಪೈಪಣ್ಣ, ಗೋಡೆ ನೋಡುತ್ತಾ.

ಕಣ್ಣಿನೊಳಗೇ ಇಂಜೆಕ್ಷನ್ ಕೊಡಬೇಕು, ತಿಂಗಳಿಗೊಂದರಂತೆ ಮೊದಲು ಮೂರು ಎಂದರು ಡಾಕ್ಟರಮ್ಮ. ಸೋರುವುದು ನಿಲ್ಲಬಹುದು. ನಡುವೆ ಹೋಗಿರುವುದರಲ್ಲಿ ಎಷ್ಟು ಮರಳುತ್ತದೆ ಎಂದು ಮಾತು ಕೊಡಲಾಗದು. ಹತ್ತು ದಿನ ಮುಂಚೆ ಬಂದಿದ್ದರೆ ಎಂದೇನೂ ಅವರು ಹೇಳಲಿಲ್ಲ. ಯಜಮಾನರು ಆ ಮಾತನ್ನು ತಾವೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿರುವುದು ಕನ್ನಡಕದಮ್ಮನಿಗೆ ಅವರ ಹಿಡಿತದಿಂದಲೇ ಗೊತ್ತಾಗುತ್ತಿತ್ತು. ಮೊದಲ ಇಂಜೆಕ್ಷನ್ ಅಂದೇ ಆಯಿತು.

ಶನಿವಾರ ಅವಳು ಎಡಗಣ್ಣಿಗೆ ಹತ್ತಿಯ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ಯಜಮಾನರು ಬಾಗಿಲಲ್ಲಿ ನಿಂತು, ವಾಚನಾಲಯಕ್ಕೆ ಬರುವುದಿಲ್ಲ ಎಂದು ಹೇಳಿ ಕಳಿಸುತ್ತೇನೆ ಎಂದರು. "ಕಣ್ಣಲ್ಲಿ ಕಂಡದ್ದನ್ನ ಆಕಾಶದ ಮೇಲೆ ಹೊರಿಸೋದು ಸರಿಯಲ್ಲ."

"ಹಾಗಾದ್ರೆ ನಾನು ಹೇಳಿದ್ದೆಲ್ಲ ಬರೀ ಕಾಯಿಲೆನಾ?"

ಆ ಪ್ರಶ್ನೆಯಲ್ಲಿ ಕಣ್ಣಿಗಿಂತ ಹೆಚ್ಚಿನದೇನೋ ಇತ್ತು. ಅಷ್ಟರಲ್ಲಿ ಪೈಪಣ್ಣ ಏದುಸಿರು ಬಿಡುತ್ತಾ ಒಳಗೆ ಬಂದ. ಬೆಳಿಗ್ಗೆಯಿಂದ ವಾಚನಾಲಯದಲ್ಲಿ ಕೂತು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಆಕಾಶದ ಬಗ್ಗೆ ಪುಸ್ತಕವೊಂದನ್ನು ತೆರೆದು ನೋಡಿದ್ದನಂತೆ. ಅದನ್ನು ಹಾಸಿಗೆಯ ಮೇಲೆ ಬಿಡಿಸಿಟ್ಟ. ಪುಟದ ತುಂಬ ಒಂದು ಚಿತ್ರ: ನಡುವೆ ಕತ್ತಲು, ಅದರ ಸುತ್ತ ಹಿಂದಿನ ನಕ್ಷತ್ರಗಳ ಬೆಳಕು ಬಾಗಿ, ಹಿಗ್ಗಿ, ಬಳೆಯ ಹಾಗೆ ತಿರುಗಿತ್ತು. ದೂರದ ನಕ್ಷತ್ರಗಳು ಮಾತ್ರ ಇದ್ದಲ್ಲೇ ಇದ್ದವು.

"ಓದಿ ಭಾವ, ಗಟ್ಟಿಯಾಗಿ ಓದಿ. ಅಕ್ಕ ಹೇಳಿದ್ದೂ ಇದನ್ನೇ ಅಲ್ವಾ?"

ಯಜಮಾನರು ಓದಿದರು. ಎರಡು ಸಲ ಓದಿದರು. "ಹೇಳಿದ್ದು ಸರಿ," ಎಂದು ಒಪ್ಪಿಕೊಂಡರು. "ಹೇಳೋದಕ್ಕೆ ಕಾರಣ ತಪ್ಪು."

"ನಿಮ್ಮಿಬ್ಬರದು ಹನ್ನೊಂದು ವರ್ಷದಿಂದ ಕಾರಣ ಸರಿ, ಹೇಳೋದು ತಪ್ಪು," ಎಂದಳು ಕನ್ನಡಕದಮ್ಮ ದಿಂಬಿನಿಂದ. "ಯಾವುದು ವಾಸಿ?"

ಪೈಪಣ್ಣ ಭಾವನ ಬೆನ್ನು ತಟ್ಟಿ ಹೊರಗೆ ಹೋದ. ಯಜಮಾನರು ಹಾಸಿಗೆಯ ಅಂಚಿನಲ್ಲಿ ಕೂತರು. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ, ಅವಳು ಇಷ್ಟು ವರ್ಷ ಕಾದಿದ್ದೇ ಇದಕ್ಕೇನೋ ಎನ್ನುವ ಹಾಗೆ ಮೆಲ್ಲಗೆ ಕೇಳಿದರು:

"ನಕ್ಷತ್ರ ಬಿಡು. ಸ್ಕ್ರೂ ಬಿಡು. ಇನ್ನೇನಾದ್ರೂ ನನಗೆ ಹೇಳೋದಿದೆಯಾ?"

"ಇದೆ," ಎಂದಳು. "ಬೇಕಾದಷ್ಟಿದೆ. ಪೆನ್ನು ಎತ್ಕೊಳ್ಳಬೇಡಿ, ಸುಮ್ಮನೆ ಕೇಳಿ."

ಅವರು ಕೇಳಿದರು. ಟೀ ಹೊತ್ತು ಮೀರಿತು. ಟೀಯನ್ನು ಅವರೇ ಮಾಡಿದರು. ಅದು ಬಿಸಿನೀರಿಗೆ ಹತ್ತಿರದ ನೆಂಟನಂತಿತ್ತು. ಅವಳು ಒಂದು ಮಾತೂ ಆಡದೆ ಕುಡಿದಳು.

ಭಾನುವಾರ ವಾಚನಾಲಯದವರಿಗೆ ಹೇಳಿ ಸರದಿಯನ್ನು ಮುಂದಿನ ತಿಂಗಳಿಗೆ ಹಾಕಿಸಿದರು. ಆಗ ಮಾತಾಡಿದ್ದು ಅವಳೇ. ತನ್ನ ಕಣ್ಣಿನ ವಿಷಯವನ್ನೂ ಮುಚ್ಚಿಡದೆ, ಹಾಳೆ ನೋಡದೆ ಒಂಬತ್ತು ನಿಮಿಷ ಹೇಳಿದಳು. ಕೇಳಲು ಹದಿನಾಲ್ಕು ಜನ ಬಂದಿದ್ದರು. ಪ್ರಶ್ನೆ ಕೇಳಿದವರು ಇಬ್ಬರು. ಅದರಲ್ಲೊಬ್ಬರು ಕೇಳಿದ್ದು ಓದುವ ಕನ್ನಡಕದ ಬಗ್ಗೆ.

ಮೂರನೆಯ ಇಂಜೆಕ್ಷನ್ ಆದ ಮೇಲೆ ಸೋರುವುದು ನಿಂತಿತು. ಎಡಗಣ್ಣಿನ ನಡುವೆ ಹೋದದ್ದು ಮರಳಲಿಲ್ಲ. ಬಲಗಣ್ಣಿಗೆ ಏನೂ ಆಗಲಿಲ್ಲ; ಮಸೂರ ಅಲ್ಲಿಗೆ ಬದಲಾಯಿತು, ಮೇಜು ಹೋಗಲಿಲ್ಲ.